ಹಲಗೆ ಒರೆಸುವ ಅಕ್ಕೋರು ಮತ್ತು ನಾನು

ನಾನೊಂದು ಕಂಪ್ಯೂಟರ್. ಹುಬ್ಬಳ್ಳಿಯ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಹುಟ್ಟಿದೆ. ಹೊಟ್ಟೆ ಒಂದು ಪೆಟ್ಟಿಗೆಯಲ್ಲಿ, ಮುಖ ಇನ್ನೊಂದರಲ್ಲಿ ಬಂದಿತ್ತು. ಒಬ್ಬಾತ ಚಹಾ ಕುಡಿಯುತ್ತ ಎಲ್ಲವನ್ನೂ ಜೋಡಿಸಿ ತಿರುಪು ಬಿಗಿದ. ಮರುದಿನವೇ ನನ್ನನ್ನು ಟೆಂಪೋದಲ್ಲಿ ಹೇರಿ ಗದಗ ಕಡೆಯ ಒಂದು ಹೈಸ್ಕೂಲಿಗೆ ಕಳಿಸಿದರು.

ಅಲ್ಲಿ ನನಗೆ ಸಿಕ್ಕಿದ್ದು ಬರೀ ಮರ್ಯಾದೆ, ಕೆಲಸವಲ್ಲ. ಹೆಡ್ ಮಾಸ್ತರ್ ಕಲಕೇರಿ ಸರ್ ಕುಂಕುಮ ಹಚ್ಚಿ, ಕಸೂತಿ ಬಟ್ಟೆ ಹೊದಿಸಿ ತಮ್ಮ ಕೋಣೆಯಲ್ಲಿಟ್ಟರು. ಮುಟ್ಟಿದರೆ ಕೆಡುತ್ತದೆ ಎಂದು ಯಾರನ್ನೂ ಹತ್ತಿರ ಬಿಡಲಿಲ್ಲ. ಶಾಲೆಯ ಇಮೇಲಿನ ಪಾಸ್‌ವರ್ಡನ್ನು ಮಾತ್ರ ಚೀಟಿಯಲ್ಲಿ ಬರೆದು, ಬಂದವರೆಲ್ಲ ಓದುವಂತೆ ನನ್ನ ಹಣೆಗೇ ಅಂಟಿಸಿದ್ದರು. ಇಂಥವರಿಗೆ ಏನು ಹೇಳುವುದು?

ವಿಜ್ಞಾನ ಕಲಿಸುವ ನದಾಫ್ ಮೇಡಂ ವರ್ಗವಾಗಿ ಬಂದ ಮೇಲೆ ನನಗೆ ಬಿಡುಗಡೆಯಾಯಿತು. ಅವರು ಚೀಟಿ ಕಿತ್ತು ಹರಿದರು, ಪಾಸ್‌ವರ್ಡ್ ಬದಲಿಸಿದರು, ಕಲಕೇರಿ ಸರ್‌ರನ್ನು ಹೇಗೋ ಒಪ್ಪಿಸಿ ನನ್ನನ್ನು ಶಿಕ್ಷಕರ ಕೋಣೆಗೆ ತಂದರು. ಶಾಲೆ ಬಿಟ್ಟ ಮೇಲೆ ಶಿಕ್ಷಕರಿಗೆ ಪಾಠ ನಡೆಯತೊಡಗಿತು. ಮೇಲ್ ಬರೆದರೆ ವಿಷಯದ ಸಾಲು ಖಾಲಿ ಬಿಡಬೇಡಿ. ಫೈಲನ್ನು ಮೊದಲು ಲಗತ್ತಿಸಿ, ಒಕ್ಕಣೆ ಆಮೇಲೆ. ಏಳುವಾಗ ಖಾತೆಯಿಂದ ಹೊರಬನ್ನಿ. ದೊಡ್ಡ ಕೆಲಸ ಮುಗಿದ ದಿನ ಶಾಲೆಯ ಖಾತೆಯಿಂದ ನಿಮ್ಮ ಸ್ವಂತ ಖಾತೆಗೆ ಒಂದು ಪ್ರತಿ ಕಳಿಸಿಕೊಳ್ಳಿ.

ಬಹಳ ಮಂದಿ ಬಸ್ಸಿನ ನೆಪ ಹೇಳಿ ಜಾರಿಕೊಂಡರು. ಕನ್ನಡ ಕಲಿಸುವ ಬಾಳಿಕಾಯಿ ಅಕ್ಕೋರು ಮಾತ್ರ ಬಿಡದೆ ಕೂತರು. ಬಿಸಿ ಹಂಚು ಮುಟ್ಟಿದಂತೆ ಒಂದೊಂದೇ ಕೀಲಿ ಮುಟ್ಟಿ ಕೈ ಹಿಂದೆಗೆದುಕೊಳ್ಳುತ್ತಿದ್ದರು. ತಮಗೆ ತಾವೇ ಪತ್ರ ಬರೆಯುವುದು ಅವರಿಗೆ ನಗೆಪಾಟಲಿನ ಕೆಲಸ ಎನಿಸಿತ್ತು. ಆದರೂ ಬರೆಯುತ್ತಿದ್ದರು. ಬರೆದ ಮೇಲೆ ಒಕ್ಕಣೆ ತಪ್ಪಬಾರದಲ್ಲ. ‘ಶ್ರೀಮತಿ ಬಾಳಿಕಾಯಿಯವರಿಗೆ ನಮಸ್ಕಾರಗಳು. ಇಲ್ಲಿ ಎಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದೇ ಶುರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ.

ಆ ವರ್ಷ ಹತ್ತನೆಯ ತರಗತಿಯ ಆಂತರಿಕ ಅಂಕಗಳನ್ನು ನನ್ನಲ್ಲಿ ತುಂಬಿಸಿ ಮೇಲಿನ ಕಚೇರಿಗೆ ಮೇಲ್ ಮಾಡಬೇಕಿತ್ತು. ಯಾರೂ ಮುಂದೆ ಬರಲಿಲ್ಲ. ನಾನು ಮಾಡುತ್ತೇನೆ ಎಂದು ಅಕ್ಕೋರು ಎಲ್ಲರೆದುರು ಮಾತು ಕೊಟ್ಟರು. ದಿನವೂ ಕೂತು ತುಂಬಿದರು, ತಾಳೆ ನೋಡಿದರು, ಅಂಕದ ಹಾಳೆಗಳನ್ನು ಆಯಾ ಶಿಕ್ಷಕರಿಗೆ ಹಿಂತಿರುಗಿಸಿದರು. ಕೆಲಸ ಮುಗಿದ ಸಂಜೆ ತಮಗೊಂದು ಪ್ರತಿ ಕಳಿಸಿಕೊಂಡರು, ತಮ್ಮ ಖಾತೆ ತೆರೆದು ಅದು ಬಂದದ್ದನ್ನೂ ನೋಡಿದರು. ಆಮೇಲೆ ಅನಾಹುತ ಮಾಡಿದರು.

ತರಗತಿ ಮುಗಿದ ಕೂಡಲೇ ಹಲಗೆ ಒರೆಸಿ ಬರುವುದು ಅಕ್ಕೋರ ಹಳೆಯ ರೂಢಿ. ಮುಂದೆ ಬರುವವರಿಗೆ ಸ್ವಚ್ಛ ಹಲಗೆ ಸಿಗಬೇಕು. ಸೇವ್ ಮಾಡಿದ ಮೇಲೆ ಎಲ್ಲವೂ ನನ್ನ ಹೊಟ್ಟೆಯೊಳಗೆ ಭದ್ರ, ಪರದೆಯ ಮೇಲೆ ಕಾಣುವುದು ಬರೀ ಹಲಗೆಯ ಬರಹ ಎಂದು ಅವರು ತಿಳಿದಿದ್ದರು. ಅದಕ್ಕೇ ಪರದೆಯ ಮೇಲಿದ್ದ ಫೈಲುಗಳನ್ನೆಲ್ಲ ಒರೆಸತೊಡಗಿದರು. ನನಗೆ ಕೇಳಲು ಬರುವುದು ಒಂದೇ ಮಾತು: ನಿಜವಾಗಿಯೂ ಅಳಿಸಬೇಕೇ? ಅದನ್ನೇ ಕೇಳಿದೆ. ಅವರು ಹೌದು ಎಂದು ಒತ್ತಿದರು. ನನ್ನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ತಮ್ಮ ಖಾತೆಗೆ ಬಂದಿದ್ದ ಮೇಲನ್ನೂ, ಓದಿ ಆಯಿತಲ್ಲ ಎಂದು, ಗುರುತು ಉಳಿಯದಂತೆ ಅಳಿಸಿದರು.

ಮರುದಿನ ಮಧ್ಯಾಹ್ನ ಅಂಕ ಕಳಿಸಲು ಕೂತ ಅಕ್ಕೋರು ಫೈಲು ಎಲ್ಲೂ ಕಾಣದೆ ಬೆವೆತುಹೋದರು. ಸಂಜೆಯೊಳಗೆ ಮುಟ್ಟದಿದ್ದರೆ ಇಡೀ ತರಗತಿಯ ಫಲಿತಾಂಶ ತಡೆಹಿಡಿಯುವುದಾಗಿ ಮೇಲಿನವರು ಎಚ್ಚರಿಸಿದ್ದರು. ಬೇರೆ ವಿಷಯಗಳ ಶಿಕ್ಷಕರು ತರಬೇತಿಗೆ ಹೋಗಿದ್ದರು, ಅಂಕದ ಹಾಳೆಗಳು ಅವರವರ ಚೀಲದಲ್ಲಿದ್ದವು. ನದಾಫ್ ಮೇಡಂ ಫೋನು ಎತ್ತಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ನನ್ನನ್ನೂ ಇಂಟರ್‌ನೆಟ್ ಡಬ್ಬಿಯನ್ನೂ ಬದುಕಿಸಿಟ್ಟಿದ್ದ ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತು.

ಅಕ್ಕೋರು ಕಲಕೇರಿ ಸರ್‌ರನ್ನು ಕರೆದು ನಿಂತುಕೊಂಡೇ ಹೇಳಿದರು. “ಸರ್, ಅಂಕ ಎಲ್ಲಾ ಹೋಗ್ಯಾವ್ರಿ. ನಾನ ಅಳಸೀನಿ.”

ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಗೆ ಕುಸಿದು, “ಹುಡುಗ್ರು ಏನ್ ತಪ್ಪು ಮಾಡ್ಯಾರ್ರಿ ಅಕ್ಕೋರೆ?” ಎಂದರು.

ಆ ಮಾತಿಗೆ ಅಕ್ಕೋರ ಕಣ್ಣು ತುಂಬಿತು. ನನಗೆ ಕೂಗಿ ಹೇಳಬೇಕೆನಿಸಿತು. ಶಾಲೆಯ ಖಾತೆಯಿಂದ ಹೋದ ಪ್ರತಿ ಅಲ್ಲೇ ಇದೆ, ಅಮ್ಮಾ, ಒಂದು ಕಡೆ ಒತ್ತಿದರೆ ಸಾಕು. ಬಾಯಿಲ್ಲದ ಜನ್ಮ ನನ್ನದು. ಯುಪಿಎಸ್ ಕೂಗು ಜೋರಾಯಿತು.

ಅಕ್ಕೋರು ಸೆರಗಿನಿಂದ ಮುಖ ಒರೆಸಿಕೊಂಡು ಕಪಾಟಿನ ಕಡೆ ನೋಡಿದರು. ಶಾಲೆಗೆ ಬಂದ ಪತ್ರ ಬರೆದಿಡುವ ಆವಕ ಪುಸ್ತಕ, ಕಳಿಸಿದ ಪತ್ರ ಬರೆದಿಡುವ ಜಾವಕ ಪುಸ್ತಕ ಅಲ್ಲಿ ಒಂದರ ಪಕ್ಕ ಒಂದು ಇದ್ದವು.

“ಸರ್, ನನ್ನ ಆವಕದಾಗ ಬಂದದ್ದು ಅಳಸೀನಿ, ಖರೆ. ಸಾಲಿ ಜಾವಕದಾಗ ಹೋದದ್ದು ಇರಬೇಕಲ್ರಿ? ಇದರಾಗ ಜಾವಕ ಎಲ್ಲೈತಿ?”

ಇಬ್ಬರೂ ನನ್ನ ಮುಖಕ್ಕೆ ಮುಖ ತಂದು ಹುಡುಕಿದರು. ಶಾಲೆಯ ಖಾತೆ ತೆರೆದರು. ‘ಕಳುಹಿಸಿದವು’ ಎಂಬುದು ಕಂಡಿತು. ಒತ್ತಿದರು. ಶ್ರೀಮತಿ ಬಾಳಿಕಾಯಿಯವರಿಗೆ ನಮಸ್ಕಾರಗಳು, ಇಲ್ಲಿ ಎಲ್ಲ ಕ್ಷೇಮ! ಕೆಳಗೇ ಅಂಕಗಳ ಫೈಲು. ಅಕ್ಕೋರು ಅದನ್ನು ಇಳಿಸಿಕೊಂಡು ಹೊಸ ಮೇಲಿಗೆ ಮೊದಲು ಲಗತ್ತಿಸಿದರು, ವಿಷಯ ಬರೆದರು. ಒಕ್ಕಣೆ ಬೇಡ ಅಕ್ಕೋರೆ ಎಂದು ಸರ್ ಅಂಗಲಾಚಿದರು. ಅವರು ‘ಮಾನ್ಯರೇ’ ಎಂದಷ್ಟೇ ಬರೆದು ಕಳಿಸುವ ಗುಂಡಿ ಒತ್ತಿದರು. ಅದೇ ಗಳಿಗೆಗೆ ನನ್ನ ಪ್ರಾಣ ಹೋಯಿತು.

ಪತ್ರ ಹೋಯಿತೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಕರೆಂಟು ಬಂದು ಎಚ್ಚರವಾದಾಗ ಅಕ್ಕೋರು ಎದುರಿಗೇ ಇದ್ದರು. ಅವರು ಮೊದಲು ತೆರೆದದ್ದು ಜಾವಕವನ್ನು. ಪತ್ರ ಹೋಗಿತ್ತು. ಅವರು ನನ್ನ ತಲೆ ಸವರಿ, ಖಾತೆಯಿಂದ ಹೊರಬಂದು ಎದ್ದರು.

ಈಗ ನಾನು ಮುದುಕ. ಎಚ್ಚರವಾಗಲು ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಬೇಕು. ಹೊಸ ಕಂಪ್ಯೂಟರುಗಳು ಬಂದಿವೆ, ನನ್ನನ್ನು ಒಡೆದ ಭೂಗೋಳದ ಪಕ್ಕ ಇಟ್ಟಿದ್ದಾರೆ. ಇಂದು ಗುಜರಿಯ ಗಾಡಿ ಬರುತ್ತದೆ. ನನ್ನೊಳಗಿನ ಮಕ್ಕಳ ಹೆಸರು, ಅಂಕ, ಫೋಟೊ ಕಂಡವರ ಕೈಗೆ ಹೋಗಬಾರದು. ಅದಕ್ಕೆ ಬಾಳಿಕಾಯಿ ಅಕ್ಕೋರೇ ಬಂದಿದ್ದಾರೆ. ಬೆಳಗಿನಿಂದ ಎಲ್ಲವನ್ನೂ ಹೊಸದಕ್ಕೆ ಸಾಗಿಸಿ, ಈಗ ಒರೆಸಲು ಕೂತಿದ್ದಾರೆ.

ನಾನು ನನ್ನ ಹಳೆಯ ಪ್ರಶ್ನೆ ಕೇಳಿದೆ. ನಿಜವಾಗಿಯೂ ಅಳಿಸಬೇಕೇ?

ಅವರ ಬೆರಳು ನಿಂತಿತು. ಎದ್ದು ಹೋದರು. ಪಕ್ಕದ ಕೋಣೆಯಲ್ಲಿ ಹೊಸ ಕಂಪ್ಯೂಟರಿನ ಮುಂದೆ ಕೂತು, ಎಲ್ಲವೂ ಬಂದಿವೆಯೇ ಎಂದು ಒಂದೊಂದೇ ಫೈಲು ತೆರೆದು ನೋಡುತ್ತಿರುವ ಸದ್ದು ಕೇಳುತ್ತಿದೆ. ಈಗ ಕುರ್ಚಿ ಸರಿಯಿತು. ಬರುತ್ತಿದ್ದಾರೆ. ಈ ಸಲ ನನಗೆ ಹೆದರಿಕೆಯಿಲ್ಲ.