ಎರಡು ಹಟ್ಟಿಯ ನಡುವಿನ ಚಿಲುಮೆ

ನಮ್ಮತ್ತೆ ಮುದ್ದಕ್ಕನಿಗೆ ತನ್ನ ಕಾಲಿನ ಮೇಲೆ ಎಷ್ಟು ನಂಬಿಕೆಯೋ, ತಂಗಿ ಕಾಟಮ್ಮನ ಕಾಲಿನ ಮೇಲೆ ಅಷ್ಟೇ ಅನುಮಾನ. ಆ ತಂಗಿಗೂ ಅಕ್ಕನ ಕಾಲಿನ ಬಗ್ಗೆ ಹಾಗೆಯೇ. ಇಬ್ಬರೂ ಎಪ್ಪತ್ತರ ಹತ್ತಿರದವರು, ಒಬ್ಬರನ್ನು ಮೀರಿಸಿದ ಮೊಂಡು ಇನ್ನೊಬ್ಬರದು. ಹೇಳಿ ಹೇಳಿ ನನ್ನ ಬಾಯಿ ಒಣಗಿದ್ದೇ ಬಂತು.

ನಮ್ಮ ಹಟ್ಟಿ ಹಳ್ಳದ ಈಚೆಗೆ, ಕಾಟಮ್ಮನನ್ನು ಕೊಟ್ಟ ಹಟ್ಟಿ ಆಚೆಗೆ. ಹಿರಿಯೂರು ಸೀಮೆಯ ಹಳ್ಳ, ವರ್ಷದ ಮುಕ್ಕಾಲು ಪಾಲು ಬರೀ ಮರಳು. ಮರಳು ಬಗೆದು ಚಿಲುಮೆ ತೋಡಿ, ಜಿನುಗಿದ ನೀರನ್ನು ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಬೇಕು. ದಿನಾ ಬೆಳಗ್ಗೆ ಅಕ್ಕತಂಗಿಯರು ಸೇರುತ್ತಿದ್ದದ್ದು ಅಲ್ಲೇ. ತುಂಬಿದ ಕೊಡವನ್ನು ಒಬ್ಬರು ಇನ್ನೊಬ್ಬರ ತಲೆಗೆ ಎತ್ತಿಕೊಡಬೇಕು. ಉಳಿದವಳು ತನ್ನದನ್ನು ತಾನೇ ಎತ್ತಿಕೊಳ್ಳಬೇಕು. ಹಾಗೆ ಉಳಿಯುವುದು ಯಾರು ಅನ್ನುವುದಕ್ಕೇ ದಿನವೂ ಜಗಳ.

"ಬಾರೇ ಕಾಟಿ, ಮೊದ್ಲು ನಿಂದು ಎತ್ತಿಕೊಡ್ತೀನಿ. ನಿನ್ ಕೈಲಿ ಆಗಲ್ಲ" ಅನ್ನುವಳು ಅತ್ತೆ.

"ನೀನು ಹೊತ್ಕಂಡು ಹೋಗಕ್ಕ. ನಿನ್ ಸೊಂಟ ಮುರುದ್ರೆ ಜನ ನನಗೆ ಬೈತಾರೆ" ಅನ್ನುವಳು ತಂಗಿ.

ಇವರ ಮಾತು ಮುಗಿದು ನೀರು ಮನೆ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ನಾನು ಒಲೆಯ ಮುಂದೆ ಶಾಪ ಹಾಕುತ್ತಾ ಕುಳಿತಿರುತ್ತಿದ್ದೆ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಸರ್ಕಾರದವರು ಎರಡೂ ಹಟ್ಟಿಗೆ ಬೋರಿಂಗು ಹಾಕಿಸಿದರು. ಹಿಡಿ ಒತ್ತಿದರೆ ಬಾಗಿಲ ಮುಂದೆಯೇ ನೀರು. ಸುಳ್ಳೇಕೆ ಹೇಳಲಿ, ನನಗೆ ಸ್ವರ್ಗವೇ ಸಿಕ್ಕಂತಾಯಿತು. ಅತ್ತೆ ಮಾತ್ರ ಜಗುಲಿ ಹಿಡಿದು ಕುಳಿತಳು.

"ಹೋಗಿ ತಂಗಿನ ನೋಡ್ಕಂಡು ಬಾರತ್ತೆ. ಹಳ್ಳ ದಾಟಿದ್ರೆ ಆತು" ಎಂದೆ.

"ನನಗೇನಾಗೈತೆ? ಎದ್ರೆ ಹಿರಿಯೂರಿಗೇ ಹೋಗಿ ಬಂದೇನು. ನಾನು ಹೋದ್ರೆ ಅವಳು ತಿರುಗಿ ಬರಬೇಕಲ್ಲೇ. ಆ ಕಾಲು ಹೊತ್ಕಂಡು ದಾರೀಲಿ ಬಿದ್ರೆ ಏನ್ ಮಾಡ್ಲಿ?"

ನಮ್ಮಲ್ಲಿ ಅದೊಂದು ಕಟ್ಟು. ಒಬ್ಬರು ನಮ್ಮ ಮನೆಗೆ ಬಂದು ಉಂಡು ಹೋದರೆ, ನಾವೂ ಅವರ ಮನೆಗೆ ಹೋಗಿ ಉಂಡು ಬರಬೇಕು. ಹೋಗದಿದ್ದರೆ ಸಂಬಂಧ ಕಡಿದುಕೊಂಡ ಹಾಗೆ. ನೀರಿನ ನೆಪವಿದ್ದಾಗ ಈ ಲೆಕ್ಕ ಇರಲಿಲ್ಲ, ಚಿಲುಮೆ ಯಾರ ಮನೆಯೂ ಅಲ್ಲವಲ್ಲ. ಈಗ ತಂಗಿಯನ್ನು ನಡೆಸಬಾರದೆಂದು ಅತ್ತೆ ತಾನೂ ನಡೆಯಲಿಲ್ಲ. ಅಯ್ಯೋ, ಎಂಥಾ ಹೆಂಗಸು!

ಕುಳಿತು ಕುಳಿತು ಅವಳ ಕಾಲು ಸೊರಗಿದವು. ಮೊದಲು ಕೋಲು ಬಂತು, ಆಮೇಲೆ ಗೋಡೆ ಹಿಡಿದು ಓಡಾಡುವುದಾಯಿತು. ಕೇಳಿದರೆ, "ಜೋಮು ಹಿಡಿದೈತೆ ಅಷ್ಟೇ" ಎಂದು ನನ್ನ ಬಾಯಿ ಮುಚ್ಚಿಸುವಳು. ಬಗಲಲ್ಲಿ ಕೊಡ ಇಟ್ಟುಕೊಂಡು ಬಿರಬಿರನೆ ಹೋಗುತ್ತಿದ್ದವಳು ಇವಳೇ.

ಎರಡನೆಯ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಕಾಟಮ್ಮನ ಮಗ ಎತ್ತಪ್ಪ ಬಂದ. ಅಂಗಳದಲ್ಲೇ ಕುಸಿದು ಕುಳಿತ.

"ದೊಡ್ಡವ್ವ, ಅವ್ವ ಹೋಗ್ಬಿಟ್ಳು."

ಅತ್ತೆ ಅವನ ಮುಖವನ್ನೇ ನೋಡಿದಳು. "ಕಾಯ್ಲೆ ಅಂತ ಯಾಕೆ ಹೇಳಿ ಕಳಿಸ್ಲಿಲ್ಲ?"

"ಕಳಿಸಾಕೆ ಬಿಡ್ಲಿಲ್ಲ ದೊಡ್ಡವ್ವ. ಅಕ್ಕನ ಕೈಲಿ ನಡಿಯಾಕೆ ಆಗಲ್ಲ, ಸುದ್ದಿ ಕೇಳಿದ್ರೆ ಎದ್ದು ಬಂದು ದಾರೀಲಿ ಬೀಳ್ತಾಳೆ, ನಾನು ಅವಳ ಮನೆಗೆ ಹೋದ್ರೂ ಅವಳು ತಿರುಗಿ ಬರಬೇಕಾಗ್ತೈತೆ, ನಾನು ಹುಷಾರಾಗೇ ಇದೀನಿ ಸುಮ್ನಿರು ಅಂತಿದ್ಲು."

"ನನ್ ಕೈಲಿ ಆಗಲ್ಲ ಅಂದ್ಲಾ? ಆ ಕಾಟಿ ಅಂದ್ಲಾ?"

ಅತ್ತೆಗೆ ಅಳುವಿಗಿಂತ ಮೊದಲು ಸಿಟ್ಟೇ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಲನ್ನು ಅತ್ತ ಎಸೆದು ಎದ್ದಳು. ನನ್ನ ಗಂಡ ಹಿಡಿಯಲು ಹೋದರೆ ಕೈ ಕೊಡವಿದಳು. ಹಟ್ಟಿಯ ಬೇಲಿಯ ತನಕ ಹೋಗಿರಬೇಕು, ಮಂಡಿ ಮಡಚಿ ಮಣ್ಣಿಗೆ ಕುಳಿತುಬಿಟ್ಟಳು. ಏಳಲು ನೋಡಿದಳು, ಆಗಲಿಲ್ಲ. ಮತ್ತೆ ನೋಡಿದಳು. ತನ್ನ ಕಾಲನ್ನು ತಾನೇ ಹೊಡೆದುಕೊಂಡಳು. ತನ್ನ ಕಾಲು ಸೋತದ್ದು ಅಲ್ಲಿಯ ತನಕ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲವೆಂದು ನನಗೆ ಅರಿವಾದದ್ದು ಆಗ.

"ಜುಂಜಾ, ಎತ್ಕಳೋ" ಎಂದಳು ಮಗನಿಗೆ. ದನಿ ಸಣ್ಣದಾಗಿತ್ತು.

ಹಳ್ಳದ ಮರಳಿನಲ್ಲಿ ಗಾಡಿಯ ಚಕ್ರ ಹೂತುಹೋಗುತ್ತದೆ. ನನ್ನ ಗಂಡ ತಾಯಿಯನ್ನು ಬೆನ್ನ ಮೇಲೆ ಹೊತ್ತು ನಡೆದ, ನಾನು ಹಿಂದೆ. ದಾರಿಯುದ್ದಕ್ಕೂ ಅವಳು ಮಗನ ಹೆಗಲಿಗೆ ಮುಖ ಒತ್ತಿಕೊಂಡಿದ್ದಳು.

ತಂಗಿಯ ಮನೆ ಕಾಣುತ್ತಲೇ, "ಇಳಿಸು" ಎಂದಳು. ಗೋಡೆ ಹಿಡಿದು ಹಿಡಿದು ಒಳಗೆ ಹೋದಳು. ಕಾಟಮ್ಮನನ್ನು ಕಂಬಳಿಯ ಮೇಲೆ ಮಲಗಿಸಿದ್ದರು. ಅತ್ತೆ ಪಕ್ಕದಲ್ಲಿ ಕುಳಿತು ತಂಗಿಯ ಕೆನ್ನೆ ಸವರಿದಳು.

"ಕಣ್ ಬಿಟ್ಟು ನೋಡೇ ಕಾಟಿ. ನಾನು ನಡ್ಕಂಡೇ ಬಂದೆ ಕಣೇ."

ಮನೆ ತುಂಬ ಜನ. ನಾನು ಅಳು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಬೆವರಿನಲ್ಲಿ ತೊಯ್ದ ನನ್ನ ಗಂಡ ಹೆಣದ ಹತ್ತಿರ ಬಂದು ಬಗ್ಗಿದ.

"ಹೂಂ ಚಿಕ್ಕವ್ವ, ನಡ್ಕಂಡೇ ಬಂದ್ಲು" ಎಂದ.