ನಲವತ್ತೇಳು ಹಲ್ಲು, ನೂರಾ ಎಂಟು ಕೊಂಡಿ

ನನಗೆ ಬಾಯಿಲ್ಲ, ಆದರೆ ಹಲ್ಲುಗಳು ನಲವತ್ತೇಳು. ಎಲ್ಲವೂ ಮೈಸುತ್ತ ಇವೆ. ನಾನೊಂದು ಸ್ಪ್ರಾಕೆಟ್. ಬೈಕಿನ ಹಿಂದಿನ ಗಾಲಿಯ ಪಕ್ಕ ಕೂತು, ಚೈನನ್ನು ಹಲ್ಲಿನಲ್ಲಿ ಹಿಡಿದು, ಎಂಜಿನ್ನಿನ ಕಸುವನ್ನು ಗಾಲಿಗೆ ಮುಟ್ಟಿಸುವುದು ನನ್ನ ಕೆಲಸ. ಬೈಕು ನೋಡಿದವರು ಎಂಜಿನ್ನನ್ನು ಹೊಗಳುತ್ತಾರೆ, ಬಣ್ಣವನ್ನು ಹೊಗಳುತ್ತಾರೆ. ಬಗ್ಗಿ ನನ್ನನ್ನು ನೋಡಿ ಹೊಗಳಿದವರು ಇಡೀ ಜಿಲ್ಲೆಯಲ್ಲಿ ಒಬ್ಬರೇ. ಅವರ ಬಗ್ಗೆ ಹೇಳಬೇಕೆಂದೇ ನನ್ನ ಕತೆ ಹೇಳಲು ಕೂತಿದ್ದೇನೆ.

ನಾನು ಹುಟ್ಟಿದ್ದು ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಶೆಡ್ಡಿನಲ್ಲಿ. ಮಿಲ್ಲಿಂಗ್ ಯಂತ್ರದ ಪುಂಡಲೀಕ ದುಂಡಗಿನ ಉಕ್ಕಿನ ಬಿಲ್ಲೆಯೊಂದನ್ನು ಯಂತ್ರಕ್ಕೆ ಬಿಗಿದು, ಹಲ್ಲು ಕೊರೆಯುವ ಮೊದಲು ಯಾರಿಗೋ ಫೋನ್ ಮಾಡಿದ.

"ಸಾಬ್ರ, ನಲವತ್ತೆಂಟು ಹಲ್ಲು ಹಾಕ್ತೀನಿ, ಸರಳ ಆಕ್ಕೈತಿ. ಈ ನಲವತ್ತೇಳು ಯಾತರಾಗೂ ಭಾಗ ಹೋಗಂಗಿಲ್ಲ, ತಲಿ ತಿಂತೈತಿ."

ಆ ಕಡೆಯ ದನಿ ನನಗೂ ಕೇಳಿಸಿತು. "ನಲವತ್ತೈದಕ್ಕ ಗುಡ್ಡ ಏರಂಗಿಲ್ಲ. ನಲವತ್ತೆಂಟಕ್ಕ ಡಾಂಬರ್ ರೋಡಿನಾಗ ಎಂಜಿನ್ ಚೀರ್ತೈತಿ. ನನಗ ನಲವತ್ತೇಳ ಬೇಕು."

ಪುಂಡಲೀಕ ಗೊಣಗುತ್ತಲೇ ಹಲ್ಲುಗಳ ಅಂತರ ಅಳೆಯುವ ಬೇರೆ ತೂತುಗಳ ತಟ್ಟೆ ಹುಡುಕಿ ಹಾಕಿದ, ಒಂದೊಂದು ಹಲ್ಲಿಗೂ ತೂತು ಎಣಿಸಿ ಕೊರೆದ. ಆಮೇಲೆ ನನ್ನನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಮುಳುಗಿಸಿದ. ಆ ಉರಿ ಇಂದಿಗೂ ಮರೆತಿಲ್ಲ. ಆದರೂ ಒಂದೇ ಒಂದು ಹಲ್ಲಿಗಾಗಿ ಹಠ ಹಿಡಿದ ಆ ಮನುಷ್ಯನನ್ನು ನೋಡುವ ಆಸೆ ಅಂದೇ ಹುಟ್ಟಿತು.

ಅವರೇ ಗುಳೇದಗುಡ್ಡದ ರಾಜೇಸಾಬ ಮಿಸ್ತ್ರಿ. ಬಾದಾಮಿ ರಸ್ತೆಯಲ್ಲಿ ತಗಡಿನ ಗ್ಯಾರೇಜು, ಮೂಗಿನ ತುದಿಯಲ್ಲಿ ಕನ್ನಡಕ, ಮೂವತ್ತು ವರ್ಷದ ಕೈ. ನನ್ನನ್ನು ಪೊಟ್ಟಣದಿಂದ ತೆಗೆದು, ಹಲ್ಲುಗಳ ಮೇಲೆ ಬೆರಳಾಡಿಸಿ, "ವಾಹ್, ಎಂಥಾ ಚಂದ ಕೊರದಾನ" ಎಂದರು. ನಾನು ಅಂದೇ ಅವರವನಾದೆ.

ನನ್ನನ್ನು ಮಾಡಿಸಿದ್ದು ಡಾ. ನೀಲಾಂಬಿಕಾ ಹಂಚಿನಾಳರ ಬೈಕಿಗೆ. ಅವರು ದನಕುರಿಗಳ ಡಾಕ್ಟರು. ಡಾಂಬರಿಗೂ ಕಲ್ಲುದಾರಿಗೂ ಎರಡಕ್ಕೂ ಆಗುವ ಎತ್ತರದ ಬೈಕು ಅವರದು. ಹದ್ದಿನಕಲ್ಲು ಗುಡ್ಡದ ಮೇಲೆ ಲಗಮವ್ವ ಎಂಬಾಕೆಯ ಕುರಿಹಟ್ಟಿ ಇತ್ತು. ಪಕ್ಕದ ಗುಡ್ಡದಲ್ಲಿ ಹಿರೇಬೇನೆ ಎಂಬ ಕುರಿರೋಗ ಬಿದ್ದು ಮರಿಗಳು ಸಾಲುಸಾಲಾಗಿ ಸತ್ತಿದ್ದವು. ಲಗಮವ್ವನ ನೂರ ನಲವತ್ತು ಕುರಿಗಳಿಗೆ ಬೇನೆ ತಗಲುವ ಮೊದಲೇ ಲಸಿಕೆ ಹಾಕಬೇಕಿತ್ತು. ಲಸಿಕೆಯೋ ತಣ್ಣಗಿದ್ದರೆ ಮಾತ್ರ ಲಸಿಕೆ, ಬೆಚ್ಚಗಾದರೆ ಬರಿ ನೀರು. ಹಿಂದಿನ ವಾರ ಡಾಕ್ಟರು ಹೊರಟಾಗ ಕಲ್ಲುಮೆಟ್ಟಿಲಿನ ಏರಿನಲ್ಲಿ ಬೈಕು ಏದುಸಿರು ಬಿಟ್ಟು ನಿಂತಿತು, ಕ್ಲಚ್ ಸುಟ್ಟು ನಾರಿತು. ಹಿಂದೆ ತಳ್ಳಿಕೊಂಡು ಬರುವಷ್ಟರಲ್ಲಿ ಪೆಟ್ಟಿಗೆಯ ಮಂಜುಗಡ್ಡೆ ಕರಗಿತ್ತು. ಲಸಿಕೆಯನ್ನೆಲ್ಲ ಚೆಲ್ಲಬೇಕಾಯಿತು.

ಬೇರೆ ಮಿಸ್ತ್ರಿಯಾಗಿದ್ದರೆ ಕ್ಲಚ್ ಪ್ಲೇಟು ಬದಲಿಸಿ ಕೈತೊಳೆದುಕೊಳ್ಳುತ್ತಿದ್ದ. ರಾಜೇಸಾಬರು ಮರುದಿನ ಆ ಏರನ್ನು ತಾವೇ ಹತ್ತಿ, ಕಲ್ಲಿನ ಮೇಲಿನ ಟೈರಿನ ಕಪ್ಪು ಗೆರೆ ನೋಡಿ ಬಂದರು. ಹಳೆಯ ನಲವತ್ತು ಹಲ್ಲಿನ ಸ್ಪ್ರಾಕೆಟ್ಟಿಗೆ ಅಷ್ಟು ನಿಧಾನವಾಗಿ, ಅಷ್ಟು ಬಲವಾಗಿ ಗಾಲಿ ತಿರುಗಿಸುವುದು ಆಗದ ಮಾತು. ಎಂಜಿನ್ನಿನ ಹತ್ತಿರದ ಸಣ್ಣ ಸ್ಪ್ರಾಕೆಟ್ಟನ್ನೇ ಇನ್ನಷ್ಟು ಸಣ್ಣದು ಮಾಡಿದರೆ ಅಗ್ಗದಲ್ಲಿ ಮುಗಿಯುತ್ತದೆ ಎಂದು ಡಾಕ್ಟರು ಸೂಚಿಸಿದ್ದರಂತೆ. "ಅಲ್ಲಿ ಜಾಗಾ ಇಕ್ಕಟ್ಟೈತಿ ಅಕ್ಕಾರ, ಚೈನ್ ಗಕ್ಕನ ಬಾಗಿ ಲಗೂನ ಸವೀತೈತಿ. ಹಿಂದಿಂದ ದೊಡ್ಡದ ಮಾಡೂಣು" ಎಂದರಂತೆ ಇವರು. ಹಾಗೆ ಹುಟ್ಟಿದವನು ನಾನು.

ಅಂಥ ಜಾಣರೂ ಎಡವಿದರು. ಎಡವಿಸಿದ್ದು ಅವರ ಕೈಯ ರೂಢಿ.

ಹೊಸ ಚೈನು ಕತ್ತರಿಸುವಾಗ ಅವರು ಗೋಣಿತಟ್ಟಿನ ಮೇಲೆ ಹಳೆಯ ಚೈನನ್ನು ಹಾಸಿ, ಪಕ್ಕಕ್ಕೆ ಹೊಸದನ್ನಿಟ್ಟು, ಸರಿಸಮ ನೋಡಿ ಕತ್ತರಿಸುತ್ತಿದ್ದರು. ಹಲ್ಲಿನ ಲೆಕ್ಕ ಬದಲಾಗದಿದ್ದಾಗ ಅದು ಸರಿಯೇ. ನಾನು ಬಂದ ದಿನ ಸಂಜೆಯೂ ಕೈ ತನ್ನ ಪಾಡಿಗೆ ತಾನು ಅದನ್ನೇ ಮಾಡಿತು. ನೂರಾ ನಾಲ್ಕು ಕೊಂಡಿ, ಕಟ್! ನನ್ನ ಮೇಲೆ ಸುತ್ತಲು ಹೋದರೆ ಚೈನಿನ ತುದಿಗಳು ಕೂಡಲೇ ಇಲ್ಲ. ಹಲ್ಲು ಏಳು ಹೆಚ್ಚಾದಾಗ ಕೊಂಡಿಯೂ ನಾಲ್ಕು ಹೆಚ್ಚು ಬೇಕಲ್ಲ!

ಮರುದಿನ ಬೆಳಿಗ್ಗೆ ಲಸಿಕೆ ಹೊರಡಬೇಕು. ಆ ಅಳತೆಯ ಚೈನು ಊರಿನಲ್ಲಿ ಇನ್ನೊಂದಿಲ್ಲ. ಕತ್ತರಿಸಿ ಉಳಿದ ತುಂಡಿನಿಂದ ಜೋಡಿಸಬಹುದು, ಆದರೆ ತುದಿಗಳನ್ನು ಕೂಡಿಸುವ ಲಾಕ್ ಎರಡು ಕಡೆ ಹಾಕಬೇಕು. ಇದ್ದದ್ದು ಒಂದೇ ಹೊಸ ಲಾಕ್. ಇನ್ನೊಂದು ಹಳೆಯ ಚೈನಿನ ಸವೆದ ಲಾಕ್.

ಪಕ್ಕದ ಪಂಕ್ಚರ್ ಅಂಗಡಿಯ ಗುರುಸಂಗಪ್ಪ ಬಗ್ಗಿ ನೋಡಿ ಪಿಸುಗುಟ್ಟಿದ. "ಸ್ಪ್ರಾಕೆಟ್ ಸೊಟ್ಟ ಬಂದೈತಿ ಅಂತ ಹೇಳಿಬಿಡ್ರಿ. ಮಾಡಿದಾಂವ ಬೆಳಗಾವ್ಯಾಗ ಅದಾನ, ಕೇಳಾಕ ಬರ್ತಾನೇನು?"

ನಾನು ಸೊಟ್ಟಗಿಲ್ಲ ಎಂದು ಕೂಗಲು ನನಗೆ ದನಿಯಿಲ್ಲ. ರಾಜೇಸಾಬರು ಬಗ್ಗಿ ನನ್ನ ಹಲ್ಲುಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. ಮೂವತ್ತು ವರ್ಷದ ಹೆಸರು ಅವರದು. ಡಾಕ್ಟರು ಬಂದಾಗ ಎದ್ದು ನಿಂತರು.

"ಅಕ್ಕಾರ, ಚೈನ್ ಗಿಡ್ಡ ಕತ್ತರಿಸೇನಿ. ಸಾಮಾನಿಂದೇನೂ ತಪ್ಪಿಲ್ಲ. ತಪ್ಪು ನಂದು."

ಡಾಕ್ಟರು ಚೈನು ನೋಡಿದರು, ಅವರ ಮುಖ ನೋಡಿದರು. "ಈಗ ಏನ್ ಮಾಡೋದ್ರಿ ಕಾಕಾ?"

"ಎರಡು ಜೋಡು ಹಾಕಿ ತಂತಿ ಬಿಗೀತೀನಿ. ಇಂಥಾ ಚೈನ್ ಹಾಕಿ ನಾ ಯಾರನ್ನೂ ಗುಡ್ಡಕ್ಕ ಕಳಿಸಿಲ್ಲ. ನಾಳಿ ಮೆಟ್ಟಿಲದ ಹತ್ರ ನಾ ಇರ್ತೀನಿ."

ಆಮೇಲೆ ಚೈನು ಜೋಡಿಸಿ, ಅದರ ಬಿಗಿ ನೋಡಲು ತಮ್ಮ ಎಂದಿನ ಪದ್ಧತಿಯಂತೆ ಪೆಟ್ಟಿಗೆ, ಚೀಲ ಎಲ್ಲ ಏರಿಸಿ, ಡಾಕ್ಟರನ್ನೂ ಸೀಟಿನ ಮೇಲೆ ಕೂರಿಸಿದರು. ಹೊರೆ ಬಿದ್ದಾಗ ಬೈಕಿನ ಬೆನ್ನು ತಗ್ಗುತ್ತದೆ, ಚೈನು ಬಿಗಿಯುತ್ತದೆ. ಆಗಲೂ ಎರಡು ಬೆರಳಿನಷ್ಟು ಸಡಿಲು ಉಳಿಯುವಂತೆ ಹೊಂದಿಸಿ, ಸವೆದ ಲಾಕಿನ ಕ್ಲಿಪ್ಪಿನ ಸುತ್ತ ತೆಳು ತಂತಿ ಹೆಣೆದರು.

ಬೆಳಿಗ್ಗೆ ಹೊರಟೆವು. ಡಾಂಬರಿನಲ್ಲಿ ಎಂಜಿನ್ ಸ್ವಲ್ಪ ಗೊಣಗಿತು, ಚೀರಲಿಲ್ಲ. ನಲವತ್ತೇಳು ಯಾವುದರಿಂದಲೂ ಭಾಗ ಹೋಗದ ಸಂಖ್ಯೆಯಾದ್ದರಿಂದ ನನ್ನ ಒಂದೊಂದು ಹಲ್ಲಿಗೂ ಚೈನಿನ ಎಲ್ಲ ಕೊಂಡಿಗಳೂ ಸರದಿಯ ಮೇಲೆ ಬಂದು ಸಿಗುತ್ತವೆ. ಹಾಗಾಗಿ ಆ ಸವೆದ ಲಾಕ್ ನನ್ನ ಯಾವ ಹಲ್ಲನ್ನೂ ಬಿಡಲಿಲ್ಲ. ಅದು ಬಂದಾಗಲೆಲ್ಲ ಹಿಡಿದೆ, ಮೆಲ್ಲಗೆ ಬಿಟ್ಟೆ.

ಏರು ಬಂತು. ಮೇಲೆ, ಕೊನೆಯ ಮೆಟ್ಟಿಲಿನ ಪಕ್ಕದ ಬಂಡೆಯ ಮೇಲೆ ರಾಜೇಸಾಬರು ಸಾಮಾನಿನ ಚೀಲ ತಬ್ಬಿ ಕೂತಿದ್ದರು. ನಮಾಜು ಮುಗಿಸಿದವರೇ ನಡೆದು ಬಂದಿದ್ದರು. ಡಾಕ್ಟರು ಕ್ಲಚ್ಚಿನ ಮೇಲಿನ ಬೆರಳು ಬಿಟ್ಟರು. ಮೊದಲ ಮೆಟ್ಟಿಲು. ಎರಡನೆಯದು. ನಾನು ಪಟ್ಟು ಬಿಡಲಿಲ್ಲ. ಮೂರನೆಯದಕ್ಕೆ ಹಿಂದಿನ ಗಾಲಿ ಜಾರಿ ಧಡ್ಡನೆ ಕೂತಿತು, ಚಟ್ ಎಂಬ ಸಣ್ಣ ಸದ್ದಾಯಿತು. ಆದರೆ ಬೈಕು ನಿಲ್ಲಲಿಲ್ಲ. ಎತ್ತಿನ ಹಾಗೆ ಒಂದೊಂದೇ ಹೆಜ್ಜೆಯಿಟ್ಟು ಮೇಲೆ ಹತ್ತಿಬಿಟ್ಟಿತು!

"ನಿಂದ್ರಿ ಅಕ್ಕಾರ!" ರಾಜೇಸಾಬರು ಓಡಿಬಂದು ಬಗ್ಗಿದರು. ಲಾಕಿನ ಕ್ಲಿಪ್ಪು ಎಲ್ಲಿಗೋ ಹಾರಿಹೋಗಿತ್ತು. ತಂತಿಯೊಂದೇ ಹಿಡಿದುಕೊಂಡಿತ್ತು. ಅವರು ಇನ್ನೆರಡು ಸುತ್ತು ತಂತಿ ಬಿಗಿದು, ಪೆಟ್ಟಿಗೆಯ ಮುಚ್ಚಳ ತೆರೆಸಿ ಕೈಯಿಟ್ಟು ನೋಡಿದರು. ಮಂಜುಗಡ್ಡೆ ಕಟಕಟ ಎಂದಿತು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಅಷ್ಟು ಕೆಳಗಿನಿಂದ ಕಂಡವನು ನಾನೊಬ್ಬನೇ.

ಅಂದು ನೂರ ನಲವತ್ತು ಕುರಿಗೂ ಸೂಜಿ ಬಿತ್ತು. ಲಗಮವ್ವ ಮಿಸ್ತ್ರಿಗೂ ಗಿಂಡಿ ತುಂಬ ಹಾಲು ಕೊಟ್ಟು, "ಇವರೂ ಡಾಕ್ಟರೇನವಾ?" ಎಂದು ಕೇಳಿದಳು. "ಹೂಂ, ನನ್ನ ಬೈಕಿಗೆ" ಎಂದರು ಡಾಕ್ಟರು. ಹಿರೇಬೇನೆ ಆ ಹಟ್ಟಿಯ ಹತ್ತಿರ ಸುಳಿಯಲಿಲ್ಲ.

ಗುಡ್ಡದಿಂದ ಇಳಿದ ಮೇಲೆ ರಾಜೇಸಾಬರು ಹುಬ್ಬಳ್ಳಿಯಿಂದ ಹೊಸ ಚೈನು ತರಿಸಿ, ಮೊದಲು ನನ್ನ ಮೇಲೆ ಸುತ್ತಿ ನೋಡಿ, ಮೂರು ಸಲ ಎಣಿಸಿ, ನೂರಾ ಎಂಟು ಕೊಂಡಿಗೆ ಕತ್ತರಿಸಿದರು. ನಾಲ್ಕು ವರ್ಷ ಅದೇ ಏರು ಹತ್ತಿದೆ. ಕೊನೆಗೆ ನನ್ನ ಹಲ್ಲುಗಳು ಸವೆದು ಒಂದೇ ಕಡೆಗೆ ಬಾಗಿದವು, ಬೆಳಗಾವಿಯಿಂದ ನಲವತ್ತೇಳು ಹಲ್ಲಿನ ನನ್ನ ತಮ್ಮ ಬಂದ. ಗುಜರಿಗೆ ಹೋಗಬೇಕಾದ ನನ್ನನ್ನು ರಾಜೇಸಾಬರು ಒರೆಸಿ ಮೊಳೆಗೆ ತೂಗುಹಾಕಿದರು. ಜೊತೆಗೆ ಗಿಡ್ಡ ಕತ್ತರಿಸಿ ಜೋಡಿಸಿದ ಆ ಚೈನೂ ಇದೆ. ಗಿರಾಕಿಗಳು ಕೇಳಿದರೆ, "ಅದು ನನ್ನ ತಪ್ಪು. ಕಣ್ಣಮುಂದ ಇರ್ಲಿ ಅಂತ ಇಟ್ಟೇನಿ" ಎನ್ನುತ್ತಾರೆ.

ಹೋದ ತಿಂಗಳು ಡಾಕ್ಟರು ಬಂದಿದ್ದರು. ಬೇರೆ ತಾಲ್ಲೂಕಿಗೆ ವರ್ಗವಾಗಿದೆ, ಹೊರಡುವ ಮೊದಲು ಇಲ್ಲೇ ಚೈನು ಹಾಕಿಸಬೇಕು ಎಂದರು. ರಾಜೇಸಾಬರಿಗೆ ಈಗ ಕಣ್ಣು ಮಂಜು. ನನ್ನನ್ನು ಮೊಳೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡು, "ಕೊಂಡಿ ಎರಡೆರಡು ಕಾಣಸ್ತಾವ. ನೀವ ಎಣಸ್ರಿ ಅಕ್ಕಾರ" ಎಂದರು.

ಡಾಕ್ಟರು ಗೋಣಿತಟ್ಟಿನ ಮೇಲೆ ಕೂತು ಎಣಿಸಿದರು. "ನೂರಾ ಎಂಟು ಕಾಕಾ. ನಿಮ್ಮಂಗ ಮೂರು ಸಲ ಎಣಿಸೇನಿ."

ರಾಜೇಸಾಬರು ಇಷ್ಟು ವರ್ಷ ಯಾರ ಕೈಗೂ ಕೊಡದ ಚೈನ್ ಕಟರನ್ನು ಅವರತ್ತ ಚಾಚಿದರು. "ಹಂಗಾರ ಕತ್ತರಸ್ರಿ. ತಪ್ಪಿದ್ರ ರಾಜೇಸಾಬಂದು ಅಂತ ಹೇಳ್ರಿ."

"ಇಲ್ಲ ಕಾಕಾ. ತಪ್ಪಿದ್ರ ನಂದು."

ಚೈನು ತಪ್ಪಲಿಲ್ಲ. ನನ್ನ ತಮ್ಮನ ಮೇಲೆ ಸರಿಯಾಗಿ ಕೂತು, ಎರಡು ಬೆರಳಿನಷ್ಟೇ ಸಡಿಲು ಉಳಿಸಿ, ಬಾದಾಮಿ ರಸ್ತೆ ಹಿಡಿದು ಹೋಯಿತು. ನಾನು ಮತ್ತೆ ನನ್ನ ಮೊಳೆಗೆ ಬಂದೆ. ಈ ಸವೆದ ಹಲ್ಲುಗಳಿಗೆ ಇನ್ನು ಹಿಡಿಯಲು ಚೈನಿಲ್ಲ. ತಪ್ಪು ತಮ್ಮದೇ ಎಂದ ಅವರಿಬ್ಬರ ಆ ಎರಡು ಮಾತುಗಳನ್ನು ಹಿಡಿದುಕೊಂಡಿದ್ದೇನೆ.