ಕೈ ಬಿಟ್ಟ ಗಡಿಯಾರ

ವಾಲ್ನಟ್ ಫೋರ್ಕ್ ಊರಿನಲ್ಲಿ ಬೇಸಿಗೆಯ ಶನಿವಾರವೆಂದರೆ ಯಾರ್ಡ್ ಸೇಲ್. ಮನೆಗೆ ಬೇಡವಾದದ್ದನ್ನೆಲ್ಲ ಮಾರಲು ಅಂಗಳದ ಮೇಜುಗಳ ಮೇಲೆ ಹರವಿ, ಮಡಚುವ ಕುರ್ಚಿ ಹಾಕಿಕೊಂಡು ಕೂತುಬಿಟ್ಟರೆ ಆಯಿತು. ಎಲ್ಲ ಅಂಗಳಕ್ಕೂ ಎಲ್ಲರಿಗಿಂತ ಮೊದಲು ಬರುವವಳು ವಿಲ್ಡಾ ಪ್ರೂಯಿಟ್. ಹಳೆಯ ಚಮಚ, ಗುಂಡಿ, ಬೀಗದ ಕೈ, ಕೆಟ್ಟ ವಾಚುಗಳ ಹಲ್ಲುಚಕ್ರ, ಇವನ್ನೆಲ್ಲ ಹಲಗೆಗೆ ಅಂಟಿಸಿ ಹಕ್ಕಿಗಳನ್ನು ಮಾಡುವುದು ಅವಳ ಹವ್ಯಾಸ. ಹಕ್ಕಿಗಳು ನಿಜಕ್ಕೂ ಚೆನ್ನಾಗಿರುತ್ತಿದ್ದವು, ಅವಳನ್ನು ಕಂಡರಾಗದವರೂ ಅದನ್ನು ಒಪ್ಪುತ್ತಿದ್ದರು. ಕಂಡರಾಗದವರಿಗೇನೂ ಬರವಿರಲಿಲ್ಲ.

ಈ ಮಾರಾಟಗಳಿಗೊಂದು ಕಟ್ಟಳೆಯಿದೆ. ಕೈಯಲ್ಲಿ ಹಿಡಿದಿರುವ ತನಕ ವಸ್ತು ನಿನ್ನದು. ಮೇಜಿನ ಮೇಲಿಟ್ಟು ಕೈ ಬಿಟ್ಟೆಯೋ, ಮುಂದಿನವರು ಎತ್ತಿಕೊಳ್ಳಬಹುದು. ಉಳಿದವರು ಒಂದಿಷ್ಟು ಮುಖ ನೋಡಿ, ನಕ್ಕು, ಹೋಗಲಿ ಬಿಡಿ ಎಂದು ಮರಳಿಸುತ್ತಿದ್ದರು. ವಿಲ್ಡಾ ಮಾತ್ರ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಹೋದ ವರ್ಷ ನೋರೀನ್ ಗ್ಯಾಲವೇಯ ತಾಯಿ ತೀರಿಕೊಂಡಾಗ, ಅಣ್ಣನೆಂಬ ಮಹಾನುಭಾವ ತಂಗಿಗೆ ಒಂದು ಮಾತೂ ಹೇಳದೆ ತಾಯಿಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಸುರಿದ. ಸುದ್ದಿ ಕೇಳಿ ನೋರೀನ್ ಓಡಿಬಂದಳು. ಬಹುಪಾಲು ಆಗಲೇ ಹೋಗಿತ್ತು. ಒಂದು ಮೂಲೆಯಲ್ಲಿ ತಾಯಿಯ ಗುಂಡಿ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಮೇಲೆಯೇ ಅಮ್ಮನ ಮದುವೆಯ ಕೋಟಿನ ಹಸಿರು ಗಾಜಿನ ಗುಂಡಿ. ಕಣ್ಣು ಮಂಜಾಯಿತು. ಕನ್ನಡಕ ತೆಗೆದು ಒರೆಸಿಕೊಳ್ಳಲೆಂದು ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಕಣ್ಣು ತೆರೆಯುವಷ್ಟರಲ್ಲಿ ಡಬ್ಬಿ ವಿಲ್ಡಾಳ ಕಂಕುಳಲ್ಲಿತ್ತು.

"ವಿಲ್ಡಾ, ಅದು ನಮ್ಮಮ್ಮಂದು ಕಣೇ."

"ಹಂಗಾದ್ರೆ ಕೈ ಯಾಕೆ ಬಿಟ್ಟೆ?"

"ಕಣ್ಣು ಒರೆಸ್ಕೊಳ್ತಿದ್ದೆ."

"ಒರೆಸ್ಕೋ. ನಿಧಾನಕ್ಕೆ ಒರೆಸ್ಕೋ."

ಅಣ್ಣ ತಲೆಯನ್ನೂ ಎತ್ತದೆ ವಿಲ್ಡಾ ಕೊಟ್ಟ ಚಿಲ್ಲರೆ ಜೇಬಿಗೆ ಹಾಕಿಕೊಂಡ. ಆ ಗುಂಡಿಗಳೆಲ್ಲ ಸೇರಿ ಒಂದು ಗೂಬೆಯಾಯಿತು, ಹಸಿರು ಗಾಜಿನದು ಅದರ ಕಣ್ಣಾಯಿತು, ಗೂಬೆಗೆ ಜಿಲ್ಲಾ ಜಾತ್ರೆಯಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ ಬಂತು. ನೋರೀನ್ ಬಂದು ಗೂಬೆಯ ಮುಂದೆ ತುಂಬ ಹೊತ್ತು ನಿಂತಿದ್ದು ಹೋದಳು. ಮುಟ್ಟಲು ಬಿಡುತ್ತಿರಲಿಲ್ಲ, ಹಗ್ಗ ಕಟ್ಟಿದ್ದರು.

ವಿಲ್ಡಾಳಲ್ಲಿ ಮೆತ್ತಗಿನ ಜಾಗವೆಂದು ಒಂದಿದ್ದರೆ ಅದು ಅವಳ ಎಡಗೈಯ ಮಣಿಕಟ್ಟು. ಅಲ್ಲಿ ಗಂಡ ಡಾಯ್ಲ್‌ನ ವಾಚಿರುತ್ತಿತ್ತು. ಆತ ಸದಾ ಊಟಕ್ಕೆ ತಡವಾಗಿ ಬರುತ್ತಿದ್ದನೆಂದು ಅವಳೇ ಕೊಡಿಸಿದ್ದು, ಹಿಂಬದಿಯಲ್ಲಿ 'ತಡ ಮಾಡಬೇಡ' ಎಂದು ಕೆತ್ತಿಸಿದ್ದು. ಆತ ಸತ್ತ ಮೇಲೂ ದಿನಾ ಬೆಳಿಗ್ಗೆ ಕೀಲಿ ಕೊಟ್ಟು, ಕಿವಿಗೆ ಹಿಡಿದು, ಟಿಕ್ ಟಿಕ್ ಕೇಳಿದ ಮೇಲೆಯೇ ಅವಳಿಗೆ ಕಾಫಿ. ಲೋಕದಲ್ಲಿ ಬಿಡಿಭಾಗವಾಗಿ ಅವಳ ಕಣ್ಣಿಗೆ ಕಾಣದೆ ಉಳಿದ ವಾಚು ಅದೊಂದೇ.

ಈ ಬೇಸಿಗೆಯಲ್ಲಿ, ಸತ್ತ ಚಿಕ್ಕಮ್ಮನ ಮನೆ ಖಾಲಿ ಮಾಡಲು ಪರವೂರಿನಿಂದ ಬಂದ ಹುಡುಗಿಯೊಬ್ಬಳು ಮಾರಾಟ ಇಟ್ಟಿದ್ದಳು. ಮೇಜಿನ ಮೇಲೊಂದು ಉದ್ದನೆಯ ಗಾಜಿನ ಜಾಡಿ, ತುಂಬ ಮುರುಕು ಒಡವೆ. ತಳದಲ್ಲಿ ನವಿಲುಬಣ್ಣದ ಹರಳೊಂದು ವಿಲ್ಡಾಳಿಗೆ ಕಾಣಿಸಿತು. ಜಾಡಿಯನ್ನು ಬೋರಲು ಹಾಕಬಹುದಿತ್ತು, ಆದರೆ ಉಳಿದವರ ಕಣ್ಣಿಗೂ ಬಿದ್ದರೆ? ಬಲಗೈಯಲ್ಲಿ ಜಾಡಿ ಹಿಡಿದು ಎಡಗೈ ಹಾಕಿದಳು. ಬಾಯಿ ಕಿರಿದು, ವಾಚು ಅಡ್ಡ ಬಂತು. ವಾಚನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಮೊಣಕೈ ತನಕ ಕೈ ಇಳಿಸಿದಳು. ಆಸೆ ಅವಳ ಕಣ್ಣನ್ನೇ ಕಟ್ಟಿತ್ತು.

ಹರಳು ಸಿಕ್ಕಿತು. ವಾಚು ಇರಲಿಲ್ಲ.

"ಇಲ್ಲೊಂದು ವಾಚ್ ಇತ್ತಲ್ಲಮ್ಮ?"

"ಹೋಯ್ತಲ್ಲ ಮೇಡಂ. ಬೆಲೆ ಸ್ಟಿಕ್ಕರ್ ಇರ್ಲಿಲ್ಲ, ಒಂದು ಡಾಲರ್ ಅಂದೆ. ಆಯಮ್ಮ ಚೌಕಾಸಿನೂ ಮಾಡ್ಲಿಲ್ಲ."

"ಅದು ನಂದು."

"ಮೇಜಿನ ಮೇಲಿತ್ತಲ್ಲ ಮೇಡಂ," ಎಂದಳು ಹುಡುಗಿ, ಪಾಪ, ಗಾಬರಿಯಾಗಿ. "ಬೂದಿ ಬಣ್ಣದ ಕಾರು. ಕನ್ನಡಕ ಹಾಕಿದ್ರು."

ನೋರೀನ್ ತನ್ನ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಬಾಗಿಲಿಗೆ ಬೀಗವಿರಲಿಲ್ಲ, ವಿಲ್ಡಾ ಬರುತ್ತಾಳೆಂದು ಗೊತ್ತಿತ್ತು. ವಾಚು ಮೇಜಿನ ಮೇಲಿತ್ತು, ಅವಳ ಅಂಗೈ ಅದರ ಮೇಲಿತ್ತು.

"ಕೊಡು, ನೋರೀನ್. ಅದು ಡಾಯ್ಲ್‌ದು ಅಂತ ನಿಂಗೊತ್ತು."

"ಗೊತ್ತು. ಕೈ ಯಾಕೆ ಬಿಟ್ಟೆ?"

ಜೀವಮಾನದಲ್ಲಿ ಮೊದಲ ಸಲ ವಿಲ್ಡಾಳಿಗೆ ಆ ಪ್ರಶ್ನೆಗೆ ಉತ್ತರ ಬೇಕಾಗಿತ್ತು. "ಏನು ಬೇಕು ಹೇಳು," ಎಂದಳು.

"ಅಮ್ಮನ ಗುಂಡಿ. ಅಷ್ಟೂ. ತಂದ್ಕೊಡು, ವಾಚ್ ತಗೊಂಡ್ಹೋಗು."

"ಅವು ಗೂಬೆಗೆ ಅಂಟಿವೆ ಕಣೇ."

"ಕಿತ್ತು ತಾ."

"ನಾನು ಬರೋ ತನಕ ಇಟ್ಕೊಂಡಿರ್ತೀಯಾ?"

"ಇಟ್ಕೊಂಡಿರ್ತೀನಿ. ಒಂದು ಸ್ಕ್ರೂನೂ ಆಚೆ ಹೋಗಲ್ಲ, ಆಣೆ."

ವಿಲ್ಡಾ ಮನೆಗೆ ಹೋಗಿ ಗೂಬೆಯನ್ನು ಗೋಡೆಯಿಂದ ಇಳಿಸಿದಳು. ಅವಳ ಅಂಟು ಊರಿಗೇ ಹೆಸರಾದದ್ದು, ಹಿಡಿದರೆ ಬಿಡುವುದಲ್ಲ. ಕೂದಲು ಒಣಗಿಸುವ ಯಂತ್ರದಿಂದ ಕಾಯಿಸಿ, ಚಾಕು ತೂರಿಸಿ, ಒಂದೊಂದೇ ಗುಂಡಿಯನ್ನು ಮೀಟಿದಳು. ಕೆಲವು ಬಂದವು, ಕೆಲವು ಸಿಡಿದವು. ಉಗುರು ಕಿತ್ತು ರಕ್ತ ಬಂತು. ಹಸಿರು ಗಾಜಿನ ಕಣ್ಣು ಕೊನೆಯ ತನಕ ಹಟ ಹಿಡಿದು, ಕೊನೆಗೆ ಎರಡು ಹೋಳಾಗಿ ಬಂತು. ನೀಲಿ ರಿಬ್ಬನ್ನನ್ನು ತುಳಿದುಕೊಂಡೇ ಹೊರಟಳು, ನೋಡಲೂ ಇಲ್ಲ. ಡಬ್ಬಿ ಹಿಡಿದು ನೋರೀನಳ ಬಾಗಿಲಿಗೆ ಬಂದಾಗ ಊರೆಲ್ಲ ರಾತ್ರಿಯೂಟಕ್ಕೆ ಕೂತಿತ್ತು.

ಮೇಜಿನ ಮೇಲೊಂದು ಬಿಳಿ ತಟ್ಟೆಯಿತ್ತು. ಅದರಲ್ಲಿ ಹಲ್ಲುಚಕ್ರಗಳು, ಮುಳ್ಳುಗಳು, ಕೂದಲೆಳೆಯಂಥ ಸ್ಕ್ರೂಗಳು, ಎರಡು ತುಂಡಾದ ಸ್ಪ್ರಿಂಗು, ಎಲ್ಲವೂ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿದ್ದವು. ವಿಲ್ಡಾಳೇ ಜೋಡಿಸಿಟ್ಟಷ್ಟು ಅಚ್ಚುಕಟ್ಟು.

"ತಗೋ," ಎಂದಳು ನೋರೀನ್. "ಅಷ್ಟೂ ಇದೆ, ಎಣಿಸ್ಕೋ. ನಿನ್ ಕಣ್ಣಿಗೆ ಕಾಣ್ಸೋದು ಇದೇ ತಾನೇ?"

"ಇಟ್ಕೊಂಡಿರ್ತೀನಿ ಅಂದಿದ್ದೆ ನೀನು."

"ಇಟ್ಕೊಂಡಿದೀನಲ್ಲ." ನೋರೀನ್ ವಾಚಿನ ಹಿಂಬದಿಯ ಬಿಲ್ಲೆಯನ್ನು ಬೆರಳಿನಿಂದ ಅವಳ ಕಡೆ ತಿರುಗಿಸಿದಳು. "ತಡ ಮಾಡಬೇಡ ಅಂತ ನೀನೇ ಬರೆಸಿದ್ದು."

ನೋರೀನ್ ಡಬ್ಬಿಯನ್ನು ಎಳೆದುಕೊಂಡು ಮುಚ್ಚಳ ತೆಗೆದಳು. ಬೆರಳಾಡಿಸಿ ಹಸಿರು ಗುಂಡಿಯನ್ನು ಹುಡುಕಿದಳು, ಒಂದು ಹೋಳು ಸಿಕ್ಕಿತು, ಇನ್ನೊಂದು ಸಿಕ್ಕಿತು. ಎರಡನ್ನೂ ಅಂಗೈಯಲ್ಲಿ ಒತ್ತಿ ಕೂಡಿಸಿ ಹಿಡಿದುಕೊಂಡಳು. ಅವು ಕೂಡಿ ನಿಲ್ಲಲಿಲ್ಲ. ಅವಳ ಮುಖದಲ್ಲಿದ್ದ ಗೆಲುವು ಹೇಗೆ ಹೋಯಿತೆಂಬುದನ್ನು ವಿಲ್ಡಾ ನೋಡಲಿಲ್ಲ. ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಚಕ್ರವೂ ಉರುಳದಂತೆ ಮೆಲ್ಲಗೆ, ಕಿವಿಯ ಹತ್ತಿರ ಹಿಡಿದುಕೊಂಡು ನಿಂತಿದ್ದಳು.